ಜಾತ್ರೆ, ಉತ್ಸವ ಹಾಗೂ ಸಮುದಾಯ ಕಾರ್ಯಕ್ರಮಗಳಲ್ಲಿ ಲೈಂಗಿಕ ದೌರ್ಜನ್ಯ: ದೂರು ಸಲ್ಲಿಕೆ, ನೆರವು ಮತ್ತು ಆಯೋಜಕರ ಹೊಣೆಗಾರಿಕೆ

1. ಪೀಠಿಕೆ

ರಾಜ್ಯದಲ್ಲಿ ವರ್ಷದುದ್ದಕ್ಕೂ ಜಾತ್ರೆ, ರಥೋತ್ಸವ, ಉರುಸ್, ಗಣೇಶೋತ್ಸವ, ದಸರಾ, ಸಾಮೂಹಿಕ ವಿವಾಹ, ಬಯಲಾಟ, ಯಕ್ಷಗಾನ ಹಾಗೂ ಹೊಸ ವರ್ಷಾಚರಣೆಯಂತಹ ಕಾರ್ಯಕ್ರಮಗಳು ನಡೆಯುತ್ತವೆ. ಇವುಗಳಲ್ಲಿ ಊರಿನವರಷ್ಟೇ ಅಲ್ಲದೆ ಪರಸ್ಥಳಗಳಿಂದ ಬಂದವರೂ ಅಪಾರ ಸಂಖ್ಯೆಯಲ್ಲಿ ಪಾಲ್ಗೊಳ್ಳುತ್ತಾರೆ. ಜನದಟ್ಟಣೆಯ ಮರೆಯಲ್ಲಿ ಮಹಿಳೆಯರು ಮತ್ತು ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಯುವ ಸಂದರ್ಭಗಳುಂಟು. 2016ರ ಡಿಸೆಂಬರ್ 31ರ ರಾತ್ರಿ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆ ಹಾಗೂ ಬ್ರಿಗೇಡ್ ರಸ್ತೆಗಳಲ್ಲಿ ಮಹಿಳೆಯರಿಗೆ ಕಿರುಕುಳವಾದ ಬಗ್ಗೆ ಬಂದ ವರದಿಗಳು ದೇಶದಾದ್ಯಂತ ಚರ್ಚೆಗೆ ಕಾರಣವಾದುದನ್ನು ಇಲ್ಲಿ ಸ್ಮರಿಸಬಹುದು.

ಇಂತಹ ಪ್ರಕರಣಗಳಲ್ಲಿ ದೂರು ಠಾಣೆಯನ್ನು ತಲುಪದೆ ಹೋಗಲು ಮುಖ್ಯವಾಗಿ ಮೂರು ಕಾರಣಗಳಿವೆ. ಒಂದು, ಪರ ಊರಿನಲ್ಲಿ ಯಾರಿಗೆ ಹೇಳಬೇಕೆಂದು ತಿಳಿಯದಿರುವುದು. ಎರಡು, ಕೃತ್ಯ ಎಸಗಿದವನ ಹೆಸರು ಗೊತ್ತಿಲ್ಲದಿರುವುದು. ಮೂರು, "ಹಬ್ಬದ ಹೆಸರು ಕೆಡುತ್ತದೆ, ಇಲ್ಲಿಯೇ ಮುಗಿಸೋಣ" ಎಂಬ ಹಿರಿಯರ ಅಥವಾ ಸಮಿತಿಯ ಒತ್ತಡ. ಈ ಮೂರೂ ಕಾರಣಗಳಿಗೆ ಕಾನೂನಿನಲ್ಲಿ ಸ್ಪಷ್ಟ ಉತ್ತರವಿದೆ. ಸದರಿ ಮಾಹಿತಿಯನ್ನು ನೊಂದವರು, ಅವರ ಕುಟುಂಬದವರು ಮತ್ತು ಉತ್ಸವ ಸಮಿತಿಗಳ ಪದಾಧಿಕಾರಿಗಳ ತಿಳುವಳಿಕೆಗಾಗಿ ನೀಡಲಾಗಿದೆ.

2. ಯಾವ ಕೃತ್ಯಗಳು ಅಪರಾಧಗಳಾಗುತ್ತವೆ?

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಗೆ ಬದಲಾಗಿ ಭಾರತೀಯ ನ್ಯಾಯ ಸಂಹಿತೆ, 2023 ಜಾರಿಯಲ್ಲಿದೆ. ಜನಸಂದಣಿಯಲ್ಲಿ ನಡೆಯಬಹುದಾದ ಪ್ರಮುಖ ಅಪರಾಧಗಳು ಈ ಕೆಳಕಂಡಂತಿವೆ:

(ಅ) ಕಲಂ 74: ಮಹಿಳೆಯ ಮಾನಕ್ಕೆ ಕುಂದು ತರುವ ಉದ್ದೇಶದಿಂದ ಹಲ್ಲೆ ಅಥವಾ ಬಲಪ್ರಯೋಗ. ನೂಕುನುಗ್ಗಲಿನ ನೆಪದಲ್ಲಿ ಮೈಮುಟ್ಟುವುದು, ಎಳೆದಾಡುವುದು ಇದರಲ್ಲಿ ಸೇರುತ್ತದೆ. 1 ವರ್ಷಕ್ಕೆ ಕಡಿಮೆಯಿಲ್ಲದ, 5 ವರ್ಷಗಳವರೆಗಿನ ಕಾರಾವಾಸ ಮತ್ತು ಜುಲ್ಮಾನೆ.

(ಆ) ಕಲಂ 75: ಲೈಂಗಿಕ ಕಿರುಕುಳ. ಇಷ್ಟವಿಲ್ಲದ ಸ್ಪರ್ಶ, ಲೈಂಗಿಕ ಬೇಡಿಕೆ, ಅಶ್ಲೀಲ ಚಿತ್ರ ತೋರಿಸುವುದು. ಇವುಗಳಿಗೆ 3 ವರ್ಷಗಳವರೆಗಿನ ಶಿಕ್ಷೆ. ಲೈಂಗಿಕ ಅರ್ಥದ ಮಾತುಗಳಿಗೆ 1 ವರ್ಷದವರೆಗಿನ ಶಿಕ್ಷೆ.

(ಇ) ಕಲಂ 76: ವಿವಸ್ತ್ರಗೊಳಿಸುವ ಉದ್ದೇಶದಿಂದ ಹಲ್ಲೆ ಅಥವಾ ಬಲಪ್ರಯೋಗ. 3ರಿಂದ 7 ವರ್ಷಗಳ ಶಿಕ್ಷೆ.

(ಈ) ಕಲಂ 77: ಸ್ನಾನಘಟ್ಟ, ಶೌಚಾಲಯ, ಬಟ್ಟೆ ಬದಲಿಸುವ ಕೊಠಡಿ ಮುಂತಾದ ಖಾಸಗಿ ಸಂದರ್ಭಗಳಲ್ಲಿ ಮಹಿಳೆಯನ್ನು ಕದ್ದು ನೋಡುವುದು, ಚಿತ್ರೀಕರಿಸುವುದು ಅಥವಾ ಹಂಚುವುದು.

(ಉ) ಕಲಂ 78: ಬೇಡವೆಂದರೂ ಪದೇ ಪದೇ ಹಿಂಬಾಲಿಸುವುದು. ಕಲಂ 79: ಮಾನಕ್ಕೆ ಅವಮಾನ ಮಾಡುವ ಮಾತು, ಸನ್ನೆ ಅಥವಾ ಕೃತ್ಯ.

(ಊ) ಕಲಂ 64ರಿಂದ 70: ಅತ್ಯಾಚಾರ ಹಾಗೂ ಸಾಮೂಹಿಕ ಅತ್ಯಾಚಾರ. ಅತ್ಯಾಚಾರಕ್ಕೆ ಕನಿಷ್ಠ 10 ವರ್ಷಗಳ ಕಠಿಣ ಕಾರಾವಾಸ.

18 ವರ್ಷದೊಳಗಿನ ಬಾಲಕ ಹಾಗೂ ಬಾಲಕಿಯರಿಬ್ಬರಿಗೂ ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ, 2012 (ಪೋಕ್ಸೊ) ಅನ್ವಯಿಸುತ್ತದೆ. ಲಿಂಗತ್ವ ಅಲ್ಪಸಂಖ್ಯಾತರ ಮೇಲಿನ ಲೈಂಗಿಕ ದೌರ್ಜನ್ಯವು 2019ರ ಲಿಂಗತ್ವ ಅಲ್ಪಸಂಖ್ಯಾತ ವ್ಯಕ್ತಿಗಳ (ಹಕ್ಕುಗಳ ಸಂರಕ್ಷಣೆ) ಕಾಯ್ದೆಯ ಕಲಂ 18ರ ಅಡಿಯಲ್ಲಿ ದಂಡನೀಯವಾಗಿದೆ.

3. ಘಟನೆ ನಡೆದ ಕೂಡಲೇ ಅನುಸರಿಸಬೇಕಾದ ಕ್ರಮಗಳು

ನೊಂದವರನ್ನು ಮೊದಲು ಜನಸಂದಣಿಯಿಂದ ಸುರಕ್ಷಿತ ಸ್ಥಳಕ್ಕೆ ಕರೆದೊಯ್ಯುವುದು. ಅವರು ನಂಬುವ ಒಬ್ಬರು ಜೊತೆಯಲ್ಲಿರುವುದು. 112 ಸಂಖ್ಯೆಗೆ ಕರೆ ಮಾಡುವುದು ಅಥವಾ ಉತ್ಸವ ಸ್ಥಳದಲ್ಲಿನ ಪೊಲೀಸ್ ಹೊರಠಾಣೆಗೆ ತಿಳಿಸುವುದು. ಗಾಯ ಅಥವಾ ಅತ್ಯಾಚಾರದ ಸಂದರ್ಭದಲ್ಲಿ ಆಸ್ಪತ್ರೆಗೆ ಹೋಗುವುದೇ ಮೊದಲ ಆದ್ಯತೆಯಾಗಿರಬೇಕು. ಸಾಧ್ಯವಾದಲ್ಲಿ ಸ್ನಾನ ಮಾಡದಿರುವುದು, ತೊಟ್ಟಿದ್ದ ಬಟ್ಟೆಗಳನ್ನು ಒಗೆಯದೆ ಕಾಗದದಲ್ಲಿ ಸುತ್ತಿಡುವುದು ಒಳಿತು. ಆದರೆ ಸ್ನಾನ ಮಾಡಿದ್ದರೂ, ಬಟ್ಟೆ ಒಗೆದಿದ್ದರೂ ದೂರು ನೀಡುವ ಹಕ್ಕಿಗೆ ಯಾವುದೇ ಬಾಧೆಯಿಲ್ಲ.

ಕೃತ್ಯ ಎಸಗಿದವನು ಸ್ಥಳದಲ್ಲಿಯೇ ಸಿಕ್ಕಿಬಿದ್ದಲ್ಲಿ ಆತನನ್ನು ಥಳಿಸುವುದು, ತಲೆ ಬೋಳಿಸುವುದು, ಮೆರವಣಿಗೆ ಮಾಡುವುದು ಸ್ವತಃ ಅಪರಾಧಗಳಾಗುತ್ತವೆ. ಮೂಲ ಪ್ರಕರಣವೂ ದುರ್ಬಲಗೊಳ್ಳುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 40ರ ಪ್ರಕಾರ, ತನ್ನ ಸಮ್ಮುಖದಲ್ಲಿ ಜಾಮೀನುರಹಿತ ಸಂಜ್ಞೇಯ ಅಪರಾಧ ಎಸಗಿದ ವ್ಯಕ್ತಿಯನ್ನು ಯಾವುದೇ ನಾಗರಿಕನು ಹಿಡಿಯಬಹುದು. ಆದರೆ ಅನಗತ್ಯ ವಿಳಂಬವಿಲ್ಲದೆ, 6 ಗಂಟೆಗಳೊಳಗಾಗಿ ಪೊಲೀಸರಿಗೆ ಒಪ್ಪಿಸತಕ್ಕದ್ದು.

4. ದೂರು ಎಲ್ಲಿ ಮತ್ತು ಹೇಗೆ ಸಲ್ಲಿಸಬೇಕು?

ದೂರನ್ನು ರಾಜ್ಯದ ಅಥವಾ ದೇಶದ ಯಾವುದೇ ಪೊಲೀಸ್ ಠಾಣೆಯಲ್ಲಿ ಸಲ್ಲಿಸಬಹುದು. ಘಟನೆ ನಡೆದ ಸ್ಥಳವು ಸದರಿ ಠಾಣೆಯ ವ್ಯಾಪ್ತಿಗೆ ಬರುವುದಿಲ್ಲವೆಂಬ ಕಾರಣಕ್ಕೆ ಅದನ್ನು ನಿರಾಕರಿಸುವಂತಿಲ್ಲ. ಉದಾಹರಣೆಗೆ, ಹಾವೇರಿ ಜಿಲ್ಲೆಯ ಮಹಿಳೆಯೊಬ್ಬರು ಬೇರೊಂದು ಜಿಲ್ಲೆಯ ಜಾತ್ರೆಯಲ್ಲಿ ದೌರ್ಜನ್ಯಕ್ಕೆ ಒಳಗಾಗಿ, ಮರುದಿನ ತಮ್ಮ ಊರಿಗೆ ಮರಳಿದ ನಂತರ ಸಮೀಪದ ಠಾಣೆಯಲ್ಲಿಯೇ ದೂರು ನೀಡಬಹುದು. ಆ ಠಾಣೆಯವರು ಝೀರೋ ಎಫ್.ಐ.ಆರ್. ದಾಖಲಿಸಿ ಸಂಬಂಧಪಟ್ಟ ಠಾಣೆಗೆ ವರ್ಗಾಯಿಸತಕ್ಕದ್ದು. ಈ ಅವಕಾಶವು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಲ್ಲಿದೆ. ಇದೇ ಕಲಮಿನಂತೆ ಮಾಹಿತಿಯನ್ನು ವಿದ್ಯುನ್ಮಾನ ಮಾಧ್ಯಮದ ಮೂಲಕವೂ ನೀಡಬಹುದು. ಆದರೆ 3 ದಿನಗಳೊಳಗಾಗಿ ಸಹಿ ಮಾಡಬೇಕು.

ದೂರಿನಲ್ಲಿ ಘಟನೆಯ ದಿನಾಂಕ, ಅಂದಾಜು ವೇಳೆ, ಸ್ಥಳದ ಗುರುತು (ಉದಾ: ತೇರಿನ ಬೀದಿ, ಪ್ರಸಾದ ನಿಲಯದ ಹಿಂಭಾಗ), ನಡೆದ ಸಂಗತಿ, ಜೊತೆಯಲ್ಲಿದ್ದವರ ವಿವರ, ಆರೋಪಿಯ ಚಹರೆ ಮತ್ತು ಉಡುಪನ್ನು ನೆನಪಿದ್ದಷ್ಟು ನಮೂದಿಸುವುದು. ಆರೋಪಿಯ ಹೆಸರು ತಿಳಿಯದಿದ್ದಲ್ಲಿ "ಅಪರಿಚಿತ ವ್ಯಕ್ತಿ" ಎಂದು ದಾಖಲಿಸಿ ತನಿಖೆ ನಡೆಸುವುದು ಪೊಲೀಸರ ಕರ್ತವ್ಯವಾಗಿರುತ್ತದೆ. ಬರೆಯಲು ಬಾರದವರು ಮೌಖಿಕವಾಗಿ ಹೇಳಬಹುದು. ಅದನ್ನು ಬರೆದುಕೊಂಡು ಓದಿ ಹೇಳಿದ ನಂತರವೇ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಪಡೆಯತಕ್ಕದ್ದು.

ದೂರುದಾರರ ಹಕ್ಕುಗಳು:

(ಅ) ಮೇಲ್ಕಂಡ ಸಂಹಿತೆಯ ಅಪರಾಧಗಳಲ್ಲಿ ನೊಂದ ಮಹಿಳೆಯ ಮಾಹಿತಿಯನ್ನು ಮಹಿಳಾ ಅಧಿಕಾರಿಯೇ ದಾಖಲಿಸಿಕೊಳ್ಳತಕ್ಕದ್ದು.
(ಆ) ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯಬಹುದು.
(ಇ) ಅತ್ಯಾಚಾರ ಪ್ರಕರಣದಲ್ಲಿ ತನಿಖೆಯ ಹೇಳಿಕೆಯನ್ನು ನೊಂದವರ ಮನೆಯಲ್ಲಿ ಅಥವಾ ಅವರು ಇಚ್ಛಿಸಿದ ಸ್ಥಳದಲ್ಲಿ ಪಡೆಯಬೇಕು.
(ಈ) ಅಂಗವೈಕಲ್ಯವುಳ್ಳವರಿಗೆ ಅವರ ಮನೆಯಲ್ಲಿ ಅಥವಾ ಅನುಕೂಲವಾದ ಸ್ಥಳದಲ್ಲಿ, ದುಭಾಷಿ ಅಥವಾ ವಿಶೇಷ ಶಿಕ್ಷಕರ ಸಮ್ಮುಖದಲ್ಲಿ ಹೇಳಿಕೆ ನೀಡಲು ಅವಕಾಶವಿದೆ.
(ಉ) ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ಪೊಲೀಸರು ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸತಕ್ಕದ್ದು.

5. ಠಾಣೆಯಲ್ಲಿ ದೂರು ಸ್ವೀಕರಿಸದಿದ್ದಲ್ಲಿ

ಸಂಜ್ಞೇಯ ಅಪರಾಧದ ಮಾಹಿತಿ ಬಂದಲ್ಲಿ ಎಫ್.ಐ.ಆರ್. ದಾಖಲಿಸುವುದು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲಿ ತೀರ್ಪು ನೀಡಿದೆ. 3 ವರ್ಷ ಅಥವಾ ಹೆಚ್ಚು, ಆದರೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ, ಉಪಾಧೀಕ್ಷಕರ ಅನುಮತಿ ಪಡೆದು 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಹೊಸ ಸಂಹಿತೆಯಲ್ಲಿ ಅವಕಾಶವಿದೆ. ದೂರು ನಿರಾಕರಿಸಲ್ಪಟ್ಟಲ್ಲಿ, ಅದರ ಸಾರಾಂಶವನ್ನು ಬರವಣಿಗೆಯಲ್ಲಿ, ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಕಳುಹಿಸಬಹುದು. ಅಲ್ಲಿಯೂ ಕ್ರಮವಾಗದಿದ್ದಲ್ಲಿ ದಂಡಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬಹುದು. ಅತ್ಯಾಚಾರ, ಕಲಂ 74, 76 ಮುಂತಾದ ಅಪರಾಧಗಳ ಮಾಹಿತಿಯನ್ನು ದಾಖಲಿಸದ ಸರ್ಕಾರಿ ನೌಕರನಿಗೆ ನ್ಯಾಯ ಸಂಹಿತೆಯ ಕಲಂ 199ರ ಅಡಿಯಲ್ಲಿ 6 ತಿಂಗಳಿಂದ 2 ವರ್ಷಗಳವರೆಗೆ ಕಠಿಣ ಕಾರಾವಾಸ ವಿಧಿಸಬಹುದಾಗಿದೆ.

6. ವೈದ್ಯಕೀಯ ನೆರವು

ಅತ್ಯಾಚಾರ ಹಾಗೂ ಪೋಕ್ಸೊ ಕಾಯ್ದೆಯಡಿಯ ಲೈಂಗಿಕ ಹಲ್ಲೆ ಪ್ರಕರಣಗಳಲ್ಲಿ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆರಡೂ ತಕ್ಷಣ ಉಚಿತ ಪ್ರಥಮ ಚಿಕಿತ್ಸೆ ಅಥವಾ ಚಿಕಿತ್ಸೆ ನೀಡತಕ್ಕದ್ದು (ನಾಗರಿಕ ಸುರಕ್ಷಾ ಸಂಹಿತೆ, ಕಲಂ 397). ಎಫ್.ಐ.ಆರ್. ಪ್ರತಿ ತರುವವರೆಗೆ ಕಾಯಿಸುವಂತಿಲ್ಲ. ಚಿಕಿತ್ಸೆ ನಿರಾಕರಿಸಿದ ಆಸ್ಪತ್ರೆಯ ಉಸ್ತುವಾರಿ ವಹಿಸಿದವರಿಗೆ 1 ವರ್ಷದವರೆಗೆ ಶಿಕ್ಷೆಯುಂಟು. ಆಸ್ಪತ್ರೆಯವರು ಘಟನೆಯನ್ನು ಪೊಲೀಸರ ಗಮನಕ್ಕೆ ತರಬೇಕಾಗುತ್ತದೆ.

ಎಚ್.ಐ.ವಿ. ಸೋಂಕು ತಡೆಯುವ ಔಷಧಿಯನ್ನು 72 ಗಂಟೆಗಳೊಳಗೆ ಆರಂಭಿಸಬೇಕು. ಗರ್ಭನಿರೋಧಕ ತುರ್ತು ಮಾತ್ರೆಯನ್ನು ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಪರಿಣಾಮಕಾರಿ. ಆದುದರಿಂದ ಹಬ್ಬ ಮುಗಿಯಲಿ, ಊರಿಗೆ ಹೋದ ಮೇಲೆ ನೋಡೋಣ ಎಂದು ಮುಂದೂಡುವುದು ಸೂಕ್ತವಲ್ಲ. ವೈದ್ಯಕೀಯ ಪರೀಕ್ಷೆಯನ್ನು ನೊಂದವರ ಅಥವಾ ಅವರ ಪರವಾಗಿ ಒಪ್ಪಿಗೆ ನೀಡಲು ಸಮರ್ಥರಾದವರ ಸಮ್ಮತಿಯಿಂದ ಮಾತ್ರ ನಡೆಸಬೇಕು. "ಎರಡು ಬೆರಳಿನ ಪರೀಕ್ಷೆ" ಎಂಬ ಪದ್ಧತಿಯನ್ನು ನಡೆಸಬಾರದೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಪುನಃ ಸ್ಪಷ್ಟಪಡಿಸಿದ್ದು, ಅದನ್ನು ನಡೆಸುವವರು ದುರ್ನಡತೆಯ ಹೊಣೆ ಹೊರಬೇಕಾಗುತ್ತದೆ.

7. ಮಕ್ಕಳ ಮೇಲಿನ ದೌರ್ಜನ್ಯ

ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಪ್ರತಿಯೊಬ್ಬರೂ ಅದನ್ನು ಪೊಲೀಸರಿಗೆ ತಿಳಿಸುವುದು ಪೋಕ್ಸೊ ಕಾಯ್ದೆಯ ಕಲಂ 19ರಂತೆ ಕಡ್ಡಾಯ. ತಿಳಿಸದೆ ಇರುವುದು ಕಲಂ 21ರಂತೆ 6 ತಿಂಗಳವರೆಗಿನ ಶಿಕ್ಷೆಗೆ ಗುರಿಯಾಗುವ ಅಪರಾಧ. ಸಂಸ್ಥೆಯೊಂದರ ಮುಖ್ಯಸ್ಥರು ತಮ್ಮ ಅಧೀನದವರು ಎಸಗಿದ ಅಪರಾಧವನ್ನು ಮುಚ್ಚಿಟ್ಟಲ್ಲಿ ಶಿಕ್ಷೆ 1 ವರ್ಷದವರೆಗೆ ವಿಸ್ತರಿಸುತ್ತದೆ. ಸದ್ಭಾವನೆಯಿಂದ ಮಾಹಿತಿ ನೀಡಿದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಕ್ರಮ ಜರುಗಿಸುವಂತಿಲ್ಲ.

ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗುವಿಗೆ ಹಿತವೆನಿಸುವ ಸ್ಥಳದಲ್ಲಿ, ಸಮವಸ್ತ್ರ ಧರಿಸದ ಅಧಿಕಾರಿಗಳು ಪಡೆಯಬೇಕು. ಮಗುವನ್ನು ಯಾವುದೇ ಕಾರಣಕ್ಕೂ ರಾತ್ರಿ ಠಾಣೆಯಲ್ಲಿ ಇರಿಸುವಂತಿಲ್ಲ. ಧಾರ್ಮಿಕ ಅಥವಾ ಶೈಕ್ಷಣಿಕ ಸಂಸ್ಥೆಯ ಆಡಳಿತ ವರ್ಗ ಅಥವಾ ಸಿಬ್ಬಂದಿಯು ಆ ಸಂಸ್ಥೆಯಲ್ಲಿನ ಮಗುವಿನ ಮೇಲೆ ಎಸಗುವ ಅಪರಾಧವನ್ನು ಈ ಕಾಯ್ದೆಯು ಗಂಭೀರ ಸ್ವರೂಪದ್ದೆಂದು ಪರಿಗಣಿಸಿ ಹೆಚ್ಚಿನ ಶಿಕ್ಷೆ ವಿಧಿಸುತ್ತದೆ.

8. ರಾಜಿ ಪಂಚಾಯಿತಿಗೆ ಅವಕಾಶವಿಲ್ಲ

ಉತ್ಸವ ಸಮಿತಿ, ಜಾತಿ ಸಂಘ ಅಥವಾ ಊರ ಹಿರಿಯರು ಲೈಂಗಿಕ ಅಪರಾಧವನ್ನು ವಿಚಾರಣೆ ಮಾಡಿ ತೀರ್ಮಾನಿಸುವ ಅಧಿಕಾರ ಹೊಂದಿರುವುದಿಲ್ಲ. ತಪ್ಪು ಕಾಣಿಕೆ ಸಲ್ಲಿಸುವುದು, ದೇವರ ಮುಂದೆ ಆಣೆ ಮಾಡಿಸುವುದು, ದಂಡ ಕಟ್ಟಿಸುವುದು, ಆರೋಪಿಯೊಂದಿಗೆ ಮದುವೆ ಮಾಡಿಸುವುದು ಇವು ಯಾವುವೂ ಕಾನೂನಿನ ದೃಷ್ಟಿಯಲ್ಲಿ ಇತ್ಯರ್ಥವಲ್ಲ. ಅತ್ಯಾಚಾರ ಮತ್ತು ಕಲಂ 74ರ ಅಪರಾಧಗಳು ರಾಜಿಗೆ ಯೋಗ್ಯವಲ್ಲದ ಅಪರಾಧಗಳಾಗಿವೆ. ಅಪರ್ಣಾ ಭಟ್ ವಿರುದ್ಧ ಮಧ್ಯಪ್ರದೇಶ ರಾಜ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ, ಆರೋಪಿಗೆ ರಾಖಿ ಕಟ್ಟುವಂತಹ ಷರತ್ತನ್ನು ರದ್ದುಪಡಿಸಿ, ಇಂತಹ ಪ್ರಕರಣಗಳಲ್ಲಿ ನ್ಯಾಯಾಲಯಗಳೂ ರಾಜಿಯನ್ನು ಸೂಚಿಸಬಾರದೆಂದು ತಿಳಿಸಿತು. ನ್ಯಾಯಾಲಯಕ್ಕೇ ಇಲ್ಲದ ಅವಕಾಶವು ಸಮಿತಿಗೆ ಇರಲು ಸಾಧ್ಯವಿಲ್ಲ.

ಸಾಕ್ಷ್ಯ ನಾಶಪಡಿಸುವುದು (ಕಲಂ 238), ಅಪರಾಧಿಯನ್ನು ಶಿಕ್ಷೆಯಿಂದ ಪಾರುಮಾಡಲು ಹಣ ಪಡೆಯುವುದು ಅಥವಾ ನೀಡುವುದು (ಕಲಂ 250 ಮತ್ತು 251), ದೂರುದಾರರನ್ನು ಬೆದರಿಸುವುದು (ಕಲಂ 351) ಪ್ರತ್ಯೇಕ ಅಪರಾಧಗಳಾಗಿವೆ. ರಾಜಿ ಮಾಡಿಸಲು ಮುಂದಾದವರೇ ಆರೋಪಿಗಳಾಗುವ ಸಂಭವವಿರುತ್ತದೆ ಎಂಬುದನ್ನು ಗಮನಿಸುವುದು.

9. ಉತ್ಸವ ಸಮಿತಿ ಹಾಗೂ ಆಯೋಜಕರ ಹೊಣೆಗಾರಿಕೆ

ಸರ್ವೋಚ್ಚ ನ್ಯಾಯಾಲಯವು 2012ರ ನವೆಂಬರ್ 30ರಂದು ಸಮುತಿರಂ ಪ್ರಕರಣದಲ್ಲಿ ಮಹಿಳೆಯರನ್ನು ಚುಡಾಯಿಸುವ ಪಿಡುಗಿನ ಕುರಿತು ನಿರ್ದೇಶನಗಳನ್ನು ನೀಡಿತು. ಅದರಂತೆ ಪೂಜಾ ಸ್ಥಳಗಳೂ ಸೇರಿದಂತೆ ಜನ ಸೇರುವೆಡೆಗಳಲ್ಲಿ ಸಾದಾ ಉಡುಪಿನ ಮಹಿಳಾ ಪೊಲೀಸರ ನಿಯೋಜನೆ ಹಾಗೂ ಸಿ.ಸಿ. ಕ್ಯಾಮೆರಾ ಅಳವಡಿಕೆ ಆಗಬೇಕು. ಪೂಜಾ ಸ್ಥಳ, ಚಿತ್ರಮಂದಿರ, ಶಿಕ್ಷಣ ಸಂಸ್ಥೆ, ಬಸ್ ನಿಲ್ದಾಣ ಮುಂತಾದವುಗಳ ಉಸ್ತುವಾರಿ ವಹಿಸಿದವರು ತಮ್ಮ ಆವರಣದಲ್ಲಿ ಕಿರುಕುಳ ತಡೆಯಲು ಕ್ರಮ ಕೈಗೊಳ್ಳಬೇಕು ಮತ್ತು ದೂರು ಬಂದಲ್ಲಿ ಸಮೀಪದ ಠಾಣೆಗೆ ಅಥವಾ ಮಹಿಳಾ ಸಹಾಯ ಕೇಂದ್ರಕ್ಕೆ ತಿಳಿಸಬೇಕು. ಬಸ್ಸಿನಲ್ಲಿ ಕಿರುಕುಳವಾದಲ್ಲಿ, ನೊಂದವರ ಕೋರಿಕೆಯ ಮೇರೆಗೆ ಸಿಬ್ಬಂದಿಯು ವಾಹನವನ್ನು ಸಮೀಪದ ಠಾಣೆಗೆ ಒಯ್ಯಬೇಕೆಂದೂ ಸೂಚಿಸಲಾಗಿದೆ.

ಇವುಗಳ ಹಿನ್ನೆಲೆಯಲ್ಲಿ ಸಮಿತಿಗಳು ಈ ಕೆಳಕಂಡ ವ್ಯವಸ್ಥೆ ಮಾಡಿಕೊಳ್ಳುವುದು ಅಪೇಕ್ಷಣೀಯ:

(ಅ) ದೂರು ಸ್ವೀಕರಿಸಲು ಒಬ್ಬ ಮಹಿಳೆ ಸೇರಿದಂತೆ ಇಬ್ಬರನ್ನು ಮೊದಲೇ ನೇಮಿಸಿ, ಅವರ ಹೆಸರು ಹಾಗೂ ದೂರವಾಣಿ ಸಂಖ್ಯೆಯನ್ನು ಫಲಕಗಳಲ್ಲಿ ಪ್ರಕಟಿಸುವುದು ಮತ್ತು ಧ್ವನಿವರ್ಧಕದಲ್ಲಿ ತಿಳಿಸುವುದು.
(ಆ) ಸ್ನಾನಘಟ್ಟ, ಶೌಚಾಲಯ, ವಾಹನ ನಿಲುಗಡೆ ಹಾಗೂ ಅವುಗಳಿಗೆ ಹೋಗುವ ದಾರಿಗಳಲ್ಲಿ ಬೆಳಕಿನ ವ್ಯವಸ್ಥೆ. ದರ್ಶನಕ್ಕೆ ಮಹಿಳೆಯರ ಪ್ರತ್ಯೇಕ ಸರತಿ.
(ಇ) ಸ್ವಯಂಸೇವಕರ ಹೆಸರು, ವಿಳಾಸ, ಕರ್ತವ್ಯದ ಸ್ಥಳ ಮತ್ತು ವೇಳೆಯ ವಹಿ ನಿರ್ವಹಣೆ; ಎಲ್ಲರಿಗೂ ಗುರುತಿನ ಚೀಟಿ.
(ಈ) ಘಟನೆ ವರದಿಯಾದಲ್ಲಿ ಸಿ.ಸಿ. ಕ್ಯಾಮೆರಾ ದೃಶ್ಯಗಳು ತಾನಾಗಿ ಅಳಿಸಿಹೋಗದಂತೆ ತಕ್ಷಣ ಕಾಯ್ದಿರಿಸಿ, ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರದೊಂದಿಗೆ ತನಿಖಾಧಿಕಾರಿಗೆ ಒಪ್ಪಿಸುವುದು.
(ಉ) ಆರೋಪಿಯು ಸಮಿತಿಯ ಪದಾಧಿಕಾರಿ, ಅರ್ಚಕ, ದಾನಿ ಅಥವಾ ಸ್ವಯಂಸೇವಕನಾಗಿದ್ದಲ್ಲಿ ತನಿಖೆ ಮುಗಿಯುವವರೆಗೆ ಆತನನ್ನು ಕರ್ತವ್ಯದಿಂದ ದೂರವಿರಿಸುವುದು. ಆತನ ಬಂಧುಗಳು ದೂರಿನ ನಿರ್ವಹಣೆಯಲ್ಲಿ ಭಾಗವಹಿಸದಿರುವುದು.
(ಊ) ದೂರು ಬಂದ ವೇಳೆ ಹಾಗೂ ಪೊಲೀಸರಿಗೆ ತಿಳಿಸಿದ ವೇಳೆಯನ್ನು ಬರವಣಿಗೆಯಲ್ಲಿ ದಾಖಲಿಸುವುದು.

ಸಮಿತಿಯ ಕೆಲಸವು ನಿಜ ಸುಳ್ಳನ್ನು ನಿರ್ಣಯಿಸುವುದಲ್ಲ. ನೊಂದವರನ್ನು ಸುರಕ್ಷಿತವಾಗಿರಿಸಿ, ವಿಷಯವನ್ನು ನಿರ್ಣಯಿಸುವ ಅಧಿಕಾರವುಳ್ಳವರಿಗೆ ತಲುಪಿಸುವುದು ಮಾತ್ರ. ಇದರಿಂದ ಆರೋಪಿಗೂ ನ್ಯಾಯಸಮ್ಮತ ತನಿಖೆಯ ಹಕ್ಕು ಉಳಿಯುತ್ತದೆ.

10. ಸ್ವಯಂಸೇವಕಿಯರು, ಕಲಾವಿದೆಯರು ಹಾಗೂ ಕಾರ್ಮಿಕರು

ಉತ್ಸವದಲ್ಲಿ ಕೆಲಸ ಮಾಡುವ ಮಹಿಳೆಯರಿಗೆ, ಸಂಭಾವನೆಯಿಲ್ಲದೆ ಸ್ವಯಂಸೇವೆ ಮಾಡುವವರೂ ಸೇರಿದಂತೆ, ಕೆಲಸದ ಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳ ತಡೆ ಕಾಯ್ದೆ, 2013ರ ರಕ್ಷಣೆ ದೊರೆಯುತ್ತದೆ. 10 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿಯಿರಬೇಕು. ಅದಕ್ಕಿಂತ ಕಡಿಮೆಯಿದ್ದಲ್ಲಿ ಅಥವಾ ಮಾಲೀಕರ ವಿರುದ್ಧವೇ ದೂರಿದ್ದಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಸಲ್ಲಿಸಬಹುದು. ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ನೀಡಬೇಕು. ಸಕಾರಣವಿದ್ದಲ್ಲಿ ಇನ್ನೂ 3 ತಿಂಗಳ ವಿಸ್ತರಣೆ ಸಾಧ್ಯ. ವಿಚಾರಣೆಯನ್ನು 90 ದಿನಗಳೊಳಗೆ ಪೂರ್ಣಗೊಳಿಸತಕ್ಕದ್ದು. ಈ ದೂರು ಪೊಲೀಸ್ ದೂರಿಗೆ ಪರ್ಯಾಯವಲ್ಲ. ಎರಡನ್ನೂ ಏಕಕಾಲದಲ್ಲಿ ನೀಡಬಹುದು.

11. ಗುರುತಿನ ಗೋಪ್ಯತೆ

ಅತ್ಯಾಚಾರ ಸಂತ್ರಸ್ತರ ಹೆಸರು ಅಥವಾ ಗುರುತನ್ನು ಬಹಿರಂಗಪಡಿಸುವುದು ನ್ಯಾಯ ಸಂಹಿತೆಯ ಕಲಂ 72ರಂತೆ 2 ವರ್ಷಗಳವರೆಗಿನ ಶಿಕ್ಷೆಗೆ ಗುರಿಯಾಗುವ ಅಪರಾಧ. ಮಕ್ಕಳ ವಿಷಯದಲ್ಲಿ ಶಾಲೆ, ಕುಟುಂಬ, ನೆರೆಹೊರೆಯ ವಿವರಗಳನ್ನೂ ಪ್ರಕಟಿಸುವಂತಿಲ್ಲ. ಊರಿನ ಅಥವಾ ಸಮಿತಿಯ ವಾಟ್ಸಾಪ್ ಗುಂಪಿನಲ್ಲಿ ಚಿತ್ರ, ಹೆಸರು, ದೂರಿನ ಪ್ರತಿ ಹಂಚುವವರು ಇದನ್ನು ವಿಶೇಷವಾಗಿ ಗಮನಿಸುವುದು.

12. ಉಚಿತ ಕಾನೂನು ನೆರವು ಮತ್ತು ಪರಿಹಾರಧನ

ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ ಕಲಂ 12ರಂತೆ ಮಹಿಳೆಯರು ಮತ್ತು ಮಕ್ಕಳು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಸಂತ್ರಸ್ತರ ಪರಿಹಾರಕ್ಕಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2018ರ ಯೋಜನೆಯಲ್ಲಿ ಅತ್ಯಾಚಾರ ಸಂತ್ರಸ್ತೆಗೆ ರೂ. 4 ಲಕ್ಷದಿಂದ ರೂ. 7 ಲಕ್ಷ, ಸಾಮೂಹಿಕ ಅತ್ಯಾಚಾರ ಸಂತ್ರಸ್ತೆಗೆ ರೂ. 5 ಲಕ್ಷದಿಂದ ರೂ. 10 ಲಕ್ಷ ನಿಗದಿಯಾಗಿದೆ. ಆರೋಪಿ ಪತ್ತೆಯಾಗದಿದ್ದರೂ, ವಿಚಾರಣೆ ನಡೆಯದಿದ್ದರೂ ಪರಿಹಾರಕ್ಕೆ ಅರ್ಜಿ ಸಲ್ಲಿಸಲು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 396ರಲ್ಲಿ ಅವಕಾಶವಿದೆ. ಜನಸಂದಣಿಯಲ್ಲಿ ನಡೆದು ಆರೋಪಿ ತಪ್ಪಿಸಿಕೊಂಡ ಪ್ರಕರಣಗಳಲ್ಲಿ ಇದು ಮುಖ್ಯವಾದುದು.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಘಟನೆ ನಡೆದು ಹಲವು ದಿನಗಳಾಗಿವೆ. ದೂರು ನೀಡಬಹುದೇ?
ಉತ್ತರ: ನೀಡಬಹುದು. ವಿಳಂಬಕ್ಕೆ ಕಾರಣವನ್ನು ದೂರಿನಲ್ಲಿ ತಿಳಿಸುವುದು. ಕುಟುಂಬದ ಮರ್ಯಾದೆಯ ಅಂಜಿಕೆಯಿಂದ ತಡವಾಗುವುದು ಸಹಜವೆಂದು ಸರ್ವೋಚ್ಚ ನ್ಯಾಯಾಲಯವು 1996ರ ಗುರ್ಮೀತ್ ಸಿಂಗ್ ಪ್ರಕರಣದಲ್ಲಿ ಒಪ್ಪಿದೆ. ಆದರೆ 3 ವರ್ಷ ಅಥವಾ ಅದಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಿಗೆ ಕಾಲಮಿತಿ ಇರುವುದರಿಂದ ಬೇಗನೆ ನೀಡುವುದು ಒಳಿತು.

ಪ್ರಶ್ನೆ: ಯಾರೂ ನೋಡಿಲ್ಲ. ಸಾಕ್ಷಿಗಳಿಲ್ಲದೆ ಪ್ರಕರಣ ನಿಲ್ಲುವುದೇ?
ಉತ್ತರ: ನೊಂದವರ ಸಾಕ್ಷ್ಯವು ವಿಶ್ವಾಸಾರ್ಹವಾಗಿದ್ದಲ್ಲಿ ಅದೊಂದೇ ಆಧಾರದ ಮೇಲೆ ಶಿಕ್ಷೆ ವಿಧಿಸಬಹುದೆಂದು ಮೇಲ್ಕಂಡ ತೀರ್ಪಿನಲ್ಲಿಯೇ ಹೇಳಲಾಗಿದೆ.

ಪ್ರಶ್ನೆ: ರಾತ್ರಿ ಒಬ್ಬಳೇ ಹೋಗಿದ್ದಳು, ಉಡುಪು ಸರಿಯಿರಲಿಲ್ಲ ಎಂದು ಹೇಳಲಾಗುತ್ತಿದೆ.
ಉತ್ತರ: ಇವುಗಳಿಂದ ಅಪರಾಧವು ಅಪರಾಧವಲ್ಲದೆ ಹೋಗುವುದಿಲ್ಲ. ಸಮ್ಮತಿಯ ಪ್ರಶ್ನೆಯಲ್ಲಿ ಸಂತ್ರಸ್ತರ ಚಾರಿತ್ರ್ಯ ಅಥವಾ ಹಿಂದಿನ ಲೈಂಗಿಕ ಅನುಭವವು ಪ್ರಸ್ತುತವಲ್ಲವೆಂದು ಸಾಕ್ಷ್ಯ ಅಧಿನಿಯಮದ ಕಲಂ 48 ತಿಳಿಸುತ್ತದೆ.

ಪ್ರಶ್ನೆ: ವಯಸ್ಕ ಮಹಿಳೆಯು ಸದ್ಯಕ್ಕೆ ಪೊಲೀಸ್ ದೂರು ನೀಡಲು ಇಚ್ಛಿಸದಿದ್ದಲ್ಲಿ?
ಉತ್ತರ: ಆಗಲೂ ಚಿಕಿತ್ಸೆ, ಆಪ್ತಸಮಾಲೋಚನೆ ಮತ್ತು ತಾತ್ಕಾಲಿಕ ಆಶ್ರಯ ಪಡೆಯಬಹುದು. ಜಿಲ್ಲೆಯ ಸಖಿ ಒನ್ ಸ್ಟಾಪ್ ಸೆಂಟರ್‌ನಲ್ಲಿ ಈ ಸೇವೆಗಳು ಉಚಿತವಾಗಿ ಲಭ್ಯವಿವೆ.

14. ಸಹಾಯವಾಣಿಗಳು

ತುರ್ತು ಸ್ಪಂದನ (ಪೊಲೀಸ್): 112
ಮಹಿಳಾ ಸಹಾಯವಾಣಿ: 181
ಮಕ್ಕಳ ಸಹಾಯವಾಣಿ: 1098
ಉಚಿತ ಕಾನೂನು ನೆರವು: 15100

ಷರಾ: ಈ ಪುಟದ ವಿವರಗಳು ಸಾರ್ವಜನಿಕರ ಮಾಹಿತಿಗಾಗಿ ಮಾತ್ರ. ಕಾನೂನಿನ ಮೂಲ ಪಾಠವೇ ಅಂತಿಮವಾಗಿರುತ್ತದೆ. ಉತ್ಸವ ಸಮಿತಿಗಳು ಕಂಡಿಕೆ 3, 8 ಮತ್ತು 9ರ ಪ್ರತಿಯನ್ನು ತಮ್ಮ ಪೂರ್ವಭಾವಿ ಸಭೆಯಲ್ಲಿ ಓದಿ ಹೇಳಿ, ಸಹಾಯವಾಣಿ ಸಂಖ್ಯೆಗಳನ್ನು ಉತ್ಸವದ ಸ್ಥಳದಲ್ಲಿ ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಲು ಕೋರಲಾಗಿದೆ.